ಮನೆಯ ಕಾವಲಿಗೆ ಕ್ಯಾಮೆರಾ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ಪಟ್ಟಣಗಳ ವ್ಯಾಪಾರಸ್ಥರಲ್ಲಿ ಅನೇಕರದು ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ತೊಗರಿಯ ರಾಶಿ ಮುಗಿದು ಆವಕ ಹೆಚ್ಚುವ ಡಿಸೆಂಬರ್-ಜನವರಿಯಲ್ಲಿ ರೈತರಿಗೆ ಸಲ್ಲಬೇಕಾದ ನಗದು ರಾತ್ರಿ ಮನೆಯಲ್ಲಿಯೇ ಉಳಿಯುವುದುಂಟು. ಹೋಳಿಯ ನಂತರ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ, ಬೇಸಿಗೆಯಲ್ಲಿ ಮದುವೆಗಳಿಗೆ ಮನೆಮಂದಿಯೆಲ್ಲ ಹೊರಟರೆ ಬಾಗಿಲಿಗೆ ಬೀಗ. ಹೀಗಾಗಿ ಸಿ.ಸಿ. ಕ್ಯಾಮೆರಾ ಇಂದು ಆಡಂಬರದ ವಸ್ತುವಾಗಿ ಉಳಿದಿಲ್ಲ. ಆದರೆ ‘ನಾಲ್ಕು ಕ್ಯಾಮೆರಾಗಳ ಸೆಟ್ ಎಷ್ಟಕ್ಕೆ?’ ಎಂಬ ಪ್ರಶ್ನೆಯಿಂದಲೇ ನಾವು ಆರಂಭಿಸುತ್ತೇವೆ. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಳಬರಲು ಎಷ್ಟು ದಾರಿಗಳಿವೆ? ತಲೆಬಾಗಿಲು, ಹಿತ್ತಲು, ಪಕ್ಕದ ಮನೆಯ ಮಾಳಿಗೆಯಿಂದ ದಾಟಬಹುದಾದ ಜಾಗ, ಗೋದಾಮಿನ ಶಟರ್. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಮಾಳಿಗೆಗೆ ಮಾಳಿಗೆ ತಾಗಿರುವುದರಿಂದ ಮೂರನೆಯದನ್ನು ಮರೆಯಬಾರದು.

ಇನ್ನು ಚಿತ್ರದ ಸ್ಪಷ್ಟತೆ. ಅಪರಿಚಿತನ ಮುಖವನ್ನು ಖಚಿತವಾಗಿ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲವಿರುತ್ತದೆ. ಅಂದರೆ ಅದು ಏಳೂವರೆ ಮೀಟರ್ ಅಗಲದ ಜಾಗವನ್ನಷ್ಟೇ ಮುಖ ಗುರುತು ಸಿಗುವಂತೆ ತೋರಿಸಬಲ್ಲದು. ಒಂದೇ ಕ್ಯಾಮೆರಾದಲ್ಲಿ ಇಡೀ ಓಣಿಯನ್ನು ಹಿಡಿಯಹೊರಟರೆ ಯಾರೋ ಬಂದುಹೋದರೆಂಬುದು ತಿಳಿದೀತು, ಯಾರೆಂಬುದು ತಿಳಿಯದು. ಮಾಳಿಗೆಯ ತುದಿಗೆ ಕಟ್ಟಿದ ಕ್ಯಾಮೆರಾಕ್ಕೆ ಕಾಣುವುದು ಟೋಪಿ ಅಥವಾ ರುಮಾಲು ಮಾತ್ರ. ಒಂದು ಕ್ಯಾಮೆರಾವಾದರೂ ಬಾಗಿಲಿನ ಬಳಿ ಮುಖದ ಮಟ್ಟಕ್ಕೆ ಹತ್ತಿರವಿರಲಿ.

ವೈ-ಫೈ ಕ್ಯಾಮೆರಾ ಅಗ್ಗವೂ ಹೌದು, ಜೋಡಿಸುವುದು ಸುಲಭವೂ ಹೌದು. ಆದರೆ ದಪ್ಪ ಕಲ್ಲುಗೋಡೆಯ ಮನೆಯಲ್ಲಿ ಅದರ ಸಂಕೇತ ಪಡಸಾಲೆಯಿಂದ ಹಿತ್ತಲಿಗೆ ತಲುಪುವುದೇ ಕಷ್ಟ. ಅಂಥಲ್ಲಿ ತಂತಿಯ ವ್ಯವಸ್ಥೆಯೇ ಲೇಸು. ನೆಟ್‌ವರ್ಕ್ ಕೇಬಲ್ 100 ಮೀಟರ್ ಮೀರಬಾರದು.

ದಾಖಲೆಯ ಸಂಗ್ರಹ ಶುದ್ಧ ಗಣಿತದ ವಿಷಯ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿ.ಬಿ., ನಾಲ್ಕಕ್ಕೆ 86 ಜಿ.ಬಿ. 1 ಟಿ.ಬಿ. ಹಾರ್ಡ್ ಡಿಸ್ಕ್ ಹನ್ನೊಂದು-ಹನ್ನೆರಡು ದಿನಗಳಲ್ಲಿ ತುಂಬಿ, ಹಳೆಯದು ಅಳಿಸಿಹೋಗುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದವರಿಗೆ ಇದರ ಅರ್ಥ ತಡವಾಗಿ ತಿಳಿಯುತ್ತದೆ. 30 ದಿನಗಳ ದಾಖಲೆ ಬೇಕಿದ್ದರೆ 3 ಟಿ.ಬಿ.ಗೆ ಕಡಿಮೆಯಾಗದು. ಚಲನೆಯಿದ್ದಾಗ ಮಾತ್ರ ದಾಖಲಿಸುವ ಕ್ರಮ ಅನುಸರಿಸಿದರೆ ಕಡಿಮೆ ಸಾಕು. ಅಂದಹಾಗೆ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಒಂದೇ ವೇಳೆಗೆ 100 ಅಥವಾ ದಿನಕ್ಕೆ 500 ಜನ ಬರುವ ವಾಣಿಜ್ಯ ಸಂಸ್ಥೆಗಳಿಗೆ 30 ದಿನಗಳ ದಾಖಲೆಯನ್ನೇ ವಿಧಿಸಿದೆ. ಮನೆಗೆ ಅದು ಅನ್ವಯಿಸದಿದ್ದರೂ ಅಳತೆಗೋಲಾಗಿ ಒಳ್ಳೆಯದು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ, ಎಲ್ಲರ ಅನುಭವವೇ. ನಾಲ್ಕು ಕ್ಯಾಮೆರಾ ಮತ್ತು ರೆಕಾರ್ಡರ್ ಸೇರಿ 40 ವ್ಯಾಟ್ ಆಸುಪಾಸು ಬೇಕು. ಕಂಪ್ಯೂಟರಿನ ಚಿಕ್ಕ ಯು.ಪಿ.ಎಸ್. ಒಂದು ತಾಸು ಎಳೆದೀತು. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್, ಬೇರೆ ಹೊರೆಯಿಲ್ಲದಿದ್ದರೆ, ಒಂದು ದಿನ ನಡೆಸಬಲ್ಲದು. ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆರಿಸುವ ನಮ್ಮ ಹಳೆಯ ರೂಢಿ ಇಲ್ಲಿ ಮುಳುವಾಗುತ್ತದೆ. ಆದ್ದರಿಂದ ಕ್ಯಾಮೆರಾಗಳಿಗೆ ಪ್ರತ್ಯೇಕ ಲೈನ್ ಹಾಕಿಸಬೇಕು. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿಗೆ ಸರಿಯಾದ ಅರ್ಥಿಂಗ್ ಇರಲಿ. ರೆಕಾರ್ಡರನ್ನು ಟಿ.ವಿ. ಪಕ್ಕದಲ್ಲಿಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಗಾಳಿಯಾಡುವ, ಆದರೆ ಕಣ್ಣಿಗೆ ಬೀಳದ ಜಾಗ ಹುಡುಕಬೇಕು.

ಕೊಳ್ಳುವಾಗ ಮಾದರಿಯ ಪ್ರಮಾಣಪತ್ರ ಕೇಳಿರಿ. ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2025ರ ಏಪ್ರಿಲ್ 9ರಿಂದ ಸಿ.ಸಿ. ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತಾ ಪರೀಕ್ಷೆ ಕಡ್ಡಾಯ. ಹಳೆಯ ದಾಸ್ತಾನು ಅಗ್ಗವೆಂದು ಮಾರಲು ಬಂದರೆ ಎಚ್ಚರ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಅಂದೇ ಬದಲಿಸಬೇಕು. ಜೋಡಿಸಿಕೊಟ್ಟ ಹುಡುಗನ ಮೊಬೈಲಿನಲ್ಲಿ ನಮ್ಮ ಮನೆಯ ದೃಶ್ಯ ಉಳಿಯಬಾರದಲ್ಲವೆ?

ಕೂಡು ಕುಟುಂಬಗಳು ಗಮನಿಸಬೇಕಾದ ತೀರ್ಪೊಂದಿದೆ. ಒಂದೇ ಮನೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಅಣ್ಣತಮ್ಮಂದಿರು ಮೊದಲೇ ಕೂಡಿ ಮಾತಾಡಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ನೆರೆಯವರ ಅಂಗಳದತ್ತ ಕ್ಯಾಮೆರಾ ತಿರುಗಿಸುವುದೂ ಸಲ್ಲ.

ಕಳವಾದಾಗ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿ ಹಂಚಿದರೆ ಸಾಕ್ಷ್ಯವಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರತಿಯೊಡನೆ ಪ್ರಮಾಣಪತ್ರ ಬೇಕು. 112ಕ್ಕೆ ಕರೆ ಮಾಡಿದ ನಂತರ ಪೊಲೀಸರು ಬರುವವರೆಗೆ ರೆಕಾರ್ಡರನ್ನು ಮುಟ್ಟದಿರುವುದು ಕ್ಷೇಮ. ಅದರ ಗಡಿಯಾರ ಸರಿಯಿದೆಯೇ ಎಂಬುದನ್ನು ಮಾತ್ರ ಮೊದಲಿನಿಂದಲೂ ನೋಡಿಕೊಂಡಿರಬೇಕು.

ಜೋಡಿಸಿದ ರಾತ್ರಿಯೇ ದೀಪ ಆರಿಸಿ, ಮನೆಯವರೊಬ್ಬರನ್ನು ಹಿತ್ತಲಿನಿಂದ ಬರಲು ಹೇಳಿ, ಆ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿ ನೋಡಿರಿ. ಮುಖ ಕಾಣದಿದ್ದರೆ ಹಣ ಪೂರ್ತಿ ಪಾವತಿಸುವ ಮೊದಲೇ ಕ್ಯಾಮೆರಾದ ಜಾಗ ಬದಲಿಸಿಕೊಳ್ಳಬಹುದು. ರಾಶಿಯ ದಿನಗಳ ಧೂಳು ಮತ್ತು ಜೇಡರ ಬಲೆಗಾಗಿ ವಾರಕ್ಕೊಮ್ಮೆ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಬೇಕು.