ಗುಡ್ಡದ ಊರು, ಬಯಲಿನ ರೈಲು

ಯಾದಗಿರಿಯಲ್ಲಿ ಕೋಟೆ ಇರುವುದು ಕಲ್ಲುಗುಡ್ಡದ ಮೇಲೆ. ರೈಲು ನಿಲ್ದಾಣವಿರುವುದು ಅದರ ತಪ್ಪಲಿನ ಬಯಲಿನಲ್ಲಿ. ಅಲ್ಲಿಂದ ಭೀಮಾ ನದಿಯನ್ನು ದಾಟಿ, ಶಹಾಪುರದ ಬೆಟ್ಟಗಳ ಮಗ್ಗುಲಾಗಿ ಸುಮಾರು 50 ಕಿಲೋಮೀಟರು ನಡೆದರೆ ಗುಡ್ಡಗಳ ನಡುವೆ ಸುರಪುರವು ಸಿಗುತ್ತದೆ. ಕೋಟೆಗೆ ಎತ್ತರವೇ ಬಲ. ರೈಲಿಗೆ ಅದೇ ಶತ್ರು. ಏಕೆ?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸಲೀಸಾಗಿ ಉರುಳುತ್ತದೆ. ಆದುದರಿಂದ 100 ಟನ್ನಿನ ಗಾಡಿಯನ್ನು ಸಮತಲದಲ್ಲಿ ನಿಧಾನವಾಗಿ ಎಳೆಯಲು ಸುಮಾರು ಕಾಲು ಟನ್ನಿನ ಬಲ ಸಾಕು. ಆದರೆ ನೂರು ಅಡಿಗೆ ಒಂದೇ ಅಡಿ ಏರಿದರೂ ಇನ್ನೊಂದು ಟನ್ನಿನ ಬಲ ಬೇಕಾಗುವುದು. ಎಂದರೆ ಒಟ್ಟು ಐದು ಪಟ್ಟು! ಹೀಗಾಗಿ ಹಳಿಗಳು ಬಯಲನ್ನೇ ಅರಸುತ್ತವೆ. 1871ರಲ್ಲಿ ಮುಂಬಯಿಯ ಕಡೆಯ ಮಾರ್ಗವು ಯಾದಗಿರಿಯ ಮೇಲೆ ಹಾಯ್ದು, ಕೃಷ್ಣೆಯನ್ನು ದಾಟಿ, ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು.

ಸುರಪುರಕ್ಕೆ ಅದಕ್ಕೂ ಮುಂಚೆ ಬಂದವನು ಒಬ್ಬ ಕಾದಂಬರಿಕಾರ. 1839ರಲ್ಲಿ ಠಕ್ಕರ ಕಥೆಯನ್ನು ಬರೆದು ಹೆಸರಾದ ಫಿಲಿಪ್ ಮೆಡೋಸ್ ಟೇಲರನು, ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ, 1841ರಿಂದ 1853ರ ವರೆಗೆ ಇಲ್ಲಿ ಆಂಗ್ಲ ಅಧಿಕಾರಿಯಾಗಿದ್ದನು. ಅವನು ನೆಲಸಿದ ಗುಡ್ಡದ ಬಂಗಲೆಯನ್ನು ಜನರು ಟೇಲರ್ ಮಂಜಿಲ್ ಎನ್ನುತ್ತಾರೆ.

ಟೇಲರನ ಕಣ್ಣು ಕಥೆಗಳಲ್ಲೇ ನಿಲ್ಲಲಿಲ್ಲ. ರಾಜನಕೋಳೂರಿನಲ್ಲಿ ಚಪ್ಪಡಿಗಳಿಂದ ಕಟ್ಟಿದ ಪ್ರಾಚೀನ ಕಲ್ಮನೆಗಳನ್ನು ಅವನು ವರ್ಣಿಸಿದನು. ಜೇವರ್ಗಿಯಲ್ಲಿ ಅಂತಹ ಕಾಲದ ಸಮಾಧಿಗಳನ್ನು ಅಗೆಸಿದಾಗ, ಮಣ್ಣಿನ ಪದರಗಳು ಯಾವ ಕ್ರಮದಲ್ಲಿದ್ದುವೆಂಬುದನ್ನು ಸೀಳುನೋಟದ ಚಿತ್ರವಾಗಿ ಬರೆದಿಟ್ಟನು. ಮುಂದೆ ಪುರಾತತ್ತ್ವಜ್ಞರು ಮೆಚ್ಚಿದುದು ಈ ಎಚ್ಚರವನ್ನೇ. ಏಕೆಂದರೆ ಅಗೆತವೆಂಬುದು ಒಮ್ಮೆ ಓದಿದೊಡನೆ ಹರಿದುಹೋಗುವ ಪುಟ. ಕೆದಕಿದ ಪದರವನ್ನು ಮರಳಿ ಜೋಡಿಸಲಾಗದು.

ಈ ಮಾತು ಇಂದು ನಮಗೆ ತೀರ ಹತ್ತಿರದ್ದು. ಗದಗ–ವಾಡಿ ಹೊಸ ರೈಲು ಮಾರ್ಗವು ಸುರಪುರ, ಶಹಾಪುರಗಳ ಕಡೆಯಿಂದಲೇ ಹಾಯುವಂತೆ ಯೋಜಿತವಾಗಿದೆ. ಅದು ಬರಲಿ, ಓದಲು, ದುಡಿಯಲು ಹೊರಡುವ ಮಕ್ಕಳಿಗೆ ಅದು ಬೇಕು. ಆದರೆ ಹಳಿಗೆ ನೆಲ ಹದಮಾಡುವಾಗ ಏರನ್ನು ಕಡಿದು ತಗ್ಗನ್ನು ತುಂಬಬೇಕಾಗುತ್ತದೆ. ಹಾಗೆ ಕಡಿಯುವ ಏರಿನಲ್ಲಿ ಹಳೆಯ ಕಲ್ಲೊಂದು ನಿಂತಿದ್ದರೆ?

ವಿದ್ಯಾರ್ಥಿಗಳೇ, ನಿಮ್ಮೂರಿನ ಸುತ್ತ ಅಂತಹ ಕಲ್ಲುಗಳಿದ್ದರೆ ಹೋಗಿ ನೋಡಿರಿ. ಅಗೆಯಬೇಡಿರಿ, ಕದಲಿಸಬೇಡಿರಿ, ಅಳೆಯಿರಿ, ಚಿತ್ರ ಬರೆಯಿರಿ, ಇರುವ ಸ್ಥಳವನ್ನು ಗುರುತಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಟೇಲರನಿಗೂ ಈ ಶಾಸ್ತ್ರದಲ್ಲಿ ಪದವಿಯಿರಲಿಲ್ಲ. ಇದ್ದುದು ಅಳತೆಪಟ್ಟಿ, ಲೇಖನಿ ಮತ್ತು ತಾಳ್ಮೆ.