ಓದಿನ ಸಂಕಲ್ಪವೂ ಓದುಗರ ಸಂಗವೂ

ಈ ತಿಂಗಳು ಯಾವ ಗ್ರಂಥವನ್ನು ಓದಬೇಕೆಂದಿದ್ದೇವೆ, ಕಳೆದ ತಿಂಗಳು ಓದಿದ್ದರಲ್ಲಿ ನಮಗೆ ತೋರಿದ್ದೇನು ಎಂಬುದನ್ನು ಓದುಗರು ಪರಸ್ಪರ ಅರಿಕೆ ಮಾಡಿಕೊಳ್ಳುವ ಪರಿಪಾಠವು ನಮ್ಮ ಸೀಮೆಯಲ್ಲಿ ಈಚೆಗೆ ಹೊಸ ರೂಪವನ್ನು ತಾಳಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ನಾವು ಒಂಬತ್ತು ಜನ ಅಂತಹದೊಂದು ಕೂಟವನ್ನು ಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ನಮ್ಮಲ್ಲಿ ನಿವೃತ್ತ ಶಿಕ್ಷಕರು ನಾಲ್ವರು, ಬೆಟಗೇರಿಯ ನೇಕಾರರೊಬ್ಬರು, ಲಕ್ಷ್ಮೇಶ್ವರದ ಕಿರಾಣಿ ವ್ಯಾಪಾರಿಯೊಬ್ಬರು, ಮುಂಡರಗಿಯ ಪ್ರಾಥಮಿಕ ಶಾಲೆಯ ಅಕ್ಕೋರೊಬ್ಬರು, ಎಂ.ಎ. ಓದುತ್ತಿರುವ ಶಿರಹಟ್ಟಿಯ ವಿದ್ಯಾರ್ಥಿಗಳಿಬ್ಬರು. ವರ್ಷಕ್ಕೆ ಎರಡು ಮೂರು ಸಲ ಮುಖತಃ ಕೂಡುತ್ತೇವೆ. ಉಳಿದಂತೆ ನಮ್ಮ ಮಾತುಕತೆಯೆಲ್ಲ ಕೈಯಲ್ಲಿಯ ಮೊಬೈಲಿನ ಮೂಲಕವೇ. ಇದರಿಂದಾಗುವ ಲಾಭವೇನು, ಹಾನಿಯೇನು ಎಂದು ಕೆಲವು ಮಿತ್ರರು ಕೇಳಿದ್ದರಿಂದ, ನನ್ನ ಅನುಭವಕ್ಕೆ ಬಂದಷ್ಟನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಸಾಧನ ಹೊಸದಾದರೂ ಪದ್ಧತಿ ಹೊಸದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂಬುದು ಪರಂಪರೆಯ ನಂಬಿಕೆ. ಆ ಕಾವ್ಯವು ಶತಮಾನಗಳ ಕಾಲ ಜನರನ್ನು ಮುಟ್ಟಿದ್ದು ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಓದಿದ್ದರಿಂದಲ್ಲ. ಗಮಕಿಯು ಪದ್ಯವನ್ನು ವಾಚಿಸುವನು, ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವನು, ಕೇಳುವವರ ನಡುವಿನಿಂದ ಹಿರಿಯರೊಬ್ಬರು 'ಅದು ಹಾಗಲ್ಲ' ಎಂದು ತಡೆಯುವರು. ಶ್ರಾವಣಮಾಸದಲ್ಲಿ ನಮ್ಮ ಮಠಗಳಲ್ಲಿ ನಡೆಯುವ ಪುರಾಣಪ್ರವಚನದ ಕೊನೆಗೆ 'ನಾಳೆ ಇಂಥ ಪ್ರಸಂಗ' ಎಂದು ಸಾರುವ ರೂಢಿಯುಂಟಷ್ಟೆ. ಅದೂ ಒಂದು ಓದಿನ ಸಂಕಲ್ಪವೇ, ಅದೂ ನೂರಾರು ಜನರ ಎದುರಿಗೆ ಮಾಡಿದ ಸಂಕಲ್ಪ. ಸಾರಿದ ಮೇಲೆ ಮರುದಿನ ಶಾಸ್ತ್ರಿಗಳು ತಪ್ಪಿಸಿಕೊಳ್ಳುವಂತಿಲ್ಲ.

ಗದುಗಿನ ಶ್ರೀ ತೋಂಟದಾರ್ಯ ಮಠದಲ್ಲಿ ಪ್ರತಿ ಸೋಮವಾರ ನಡೆಯುವ ಶಿವಾನುಭವವನ್ನು ಈ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. 1974ರಲ್ಲಿ ಪೀಠವನ್ನೇರಿ 2018ರಲ್ಲಿ ಲಿಂಗೈಕ್ಯರಾದ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳನ್ನು ಜನರು 'ಪುಸ್ತಕದ ಸ್ವಾಮಿಗಳು' ಎಂದೇ ಕರೆದರು. ವೀರಶೈವ ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಅವರು ಪ್ರಕಟಿಸಿದ್ದು ಎಷ್ಟು ದೊಡ್ಡದೋ, ಗ್ರಂಥದ ಬಗೆಗೆ ನಾಲ್ಕು ಜನರೆದುರು ಮಾತನಾಡುವ ಕಟ್ಟೆಯೊಂದನ್ನು ವಾರ ತಪ್ಪದಂತೆ ಕಾಯ್ದುಕೊಂಡು ಬಂದದ್ದೂ ಅಷ್ಟೇ ದೊಡ್ಡದೆಂದು ನನ್ನ ಅಭಿಪ್ರಾಯ. ಅಲ್ಲಿ ಕೇಳಿದ ಒಂದು ಮಾತಿನಿಂದಾಗಿ ಮನೆಯ ಕಪಾಟಿನಲ್ಲಿ ಹತ್ತು ವರ್ಷ ಬಿದ್ದಿದ್ದ ಪುಸ್ತಕವನ್ನು ಕೆಳಗಿಳಿಸಿದವರು ಎಷ್ಟೋ ಜನರಿದ್ದಾರೆ, ನಾನೂ ಅವರಲ್ಲೊಬ್ಬ.

ಓದುಗರು ಮುಂಚಿತವಾಗಿ ಮಾತುಕೊಡುವುದರಿಂದ ಗ್ರಂಥಪ್ರಪಂಚವೇ ನಡೆದ ಉದಾಹರಣೆಯೂ ನಮ್ಮ ಬಳಿಯಲ್ಲೇ ಇದೆ. ಗದಗ ತಾಲೂಕಿನ ಹೊಂಬಳದಲ್ಲಿ ಹುಟ್ಟಿದ ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ನೆಚ್ಚಿದ್ದು ಚಂದಾದಾರರನ್ನು. ಪುಸ್ತಕ ಕೈಗೆ ಬರುವ ಮೊದಲೇ, ಈ ವರ್ಷ ಇವರು ಕೊಟ್ಟದ್ದನ್ನು ಓದುವೆವೆಂದು ಹಣ ತೆತ್ತ ಓದುಗರು ಅವರು. ಆ ಮಾಲೆಗೆ ಸಲಹೆಗಾರರಾಗಿ ಒದಗಿದ ಕೀರ್ತಿನಾಥ ಕುರ್ತಕೋಟಿಯವರೂ ಗದುಗಿನವರೇ. ವಚನಸಾಹಿತ್ಯದಲ್ಲಂತೂ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದು ಸುಮ್ಮನಾಗಲಿಲ್ಲ. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿ ಓದುಗರ ಬಳಗವೊಂದನ್ನೇ ಕಟ್ಟಿದರು. ಕ್ರೈಸ್ತಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರೂ ಪ್ರೊ. ಎಸ್.ಎಸ್. ಭೂಸನೂರಮಠರೂ ಜೊತೆಗೂಡಿ ಮೋಳಿಗೆಯ ಮಾರಯ್ಯನವರ ವಚನಗಳನ್ನು ಸಂಪಾದಿಸಿದ್ದನ್ನು ನೆನೆದಾಗಲೆಲ್ಲ, ಬೇರೆ ಬೇರೆ ಶ್ರದ್ಧೆಯ ಈ ಇಬ್ಬರು ಒಂದೇ ಹಸ್ತಪ್ರತಿಯ ಮೇಲೆ ಬಾಗಿ ಕುಳಿತ ಚಿತ್ರವು ನನ್ನ ಕಣ್ಣಮುಂದೆ ಬರುತ್ತದೆ.

ಇನ್ನು ನಮ್ಮ ಕೂಟದ ವಿಚಾರ. ಮೊದಲ ವರ್ಷ ನಾವು ಮಾಡಿದ ಸಂಕಲ್ಪವನ್ನು ಈಗ ನೆನೆದರೆ ನಗು ಬರುತ್ತದೆ. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಈ ಸಂಪುಟಗಳನ್ನು ಒಂದು ವರ್ಷದಲ್ಲಿ ಓದಿ ಮುಗಿಸುವುದೆಂದು ಯುಗಾದಿಯ ದಿನ ಒಂಬತ್ತು ಜನರೂ ಘೋಷಿಸಿದೆವು. ಶ್ರಾವಣದ ಹೊತ್ತಿಗೆ ಮೂವರು ಉಳಿದಿದ್ದರು; ದೀಪಾವಳಿಗೆ ಯಾರೂ ಇರಲಿಲ್ಲ. ಆಗ ಲೆಕ್ಕ ಹಾಕಿ ಕೊಟ್ಟವರು ಕಿರಾಣಿ ವ್ಯಾಪಾರಿಗಳು. ಒಟ್ಟು ವಚನಗಳು ಇಪ್ಪತ್ತು ಸಾವಿರಕ್ಕೆ ಮಿಕ್ಕಿವೆ. ದಿನಕ್ಕೆ ಐದರಂತೆ ಓದಿದರೆ ನಾಲ್ಕು ಸಾವಿರ ದಿನ, ಅಂದರೆ ಹನ್ನೊಂದು ವರ್ಷ. ಬಸವಣ್ಣನವರ ವಚನಗಳಷ್ಟೇ ಇರುವ ಮೊದಲ ಸಂಪುಟಕ್ಕೆ ಒಂಬತ್ತು ಹತ್ತು ತಿಂಗಳು ಬೇಕು. ಓದಿನ ಆಸೆಗೆ ತಕ್ಕಡಿ ಹಿಡಿಯುವುದು ಪಂಡಿತರಿಗೆ ಸಾಧ್ಯವಾಗಲಿಲ್ಲ, ಅಂಗಡಿಕಾರರಿಗೆ ಸಾಧ್ಯವಾಯಿತು. ಅಂದಿನಿಂದ ನಮ್ಮ ಕ್ರಮ ಇಷ್ಟೇ: ತಿಂಗಳ ಮೊದಲ ಸೋಮವಾರ ಪ್ರತಿಯೊಬ್ಬರೂ ತಮ್ಮ ಗ್ರಂಥದ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಎಂಬ ಮಿತಿ, ಇವೆರಡನ್ನು ತಿಳಿಸುವುದು. ಮುಗಿಯದಿದ್ದರೆ ಮುಗಿಯಲಿಲ್ಲವೆಂದು ತಿಳಿಸುವುದು. ಈ ಎರಡನೆಯದು ಕಠಿಣ. ಆದರೆ ನಾಲ್ಕು ಸಲ ಹೇಳಿದ ಮೇಲೆ ಸಂಕೋಚ ಹೋಗುತ್ತದೆ.

ಇನ್ನೊಂದು ಕಟ್ಟಳೆಯನ್ನು ನಾವು ಅನಿವಾರ್ಯವಾಗಿ ಮಾಡಿಕೊಳ್ಳಬೇಕಾಯಿತು. ಮೊಬೈಲಿನಲ್ಲಿ ದಿನ ಬೆಳಗಾದರೆ ಯಾವ ಯಾವುದೋ ಸಾಲುಗಳು ಬಸವಣ್ಣನವರ ವಚನವೆಂದು, ಅಕ್ಕನ ವಚನವೆಂದು ಹರಿದಾಡುತ್ತವೆ. ಕೊನೆಗೆ ಅಂಕಿತವೊಂದನ್ನು ಅಂಟಿಸಿದರೆ ವಚನವಾಗಿಬಿಡುತ್ತದೆಂದು ತಿಳಿದವರು ಬಹಳ. ಸಂಪುಟ ಮತ್ತು ವಚನದ ಸಂಖ್ಯೆಯನ್ನು ಕೊಡದೆ ಯಾರೂ ವಚನವನ್ನು ಕಳಿಸಬಾರದೆಂದು ನಿಶ್ಚಯಿಸಿದೆವು. ಮೊದಲು ಇದು ಹಲವರಿಗೆ ಗುಮಾಸ್ತಿಕೆಯಂತೆ ಕಂಡಿತು. ಆದರೆ ಸಂಖ್ಯೆಯನ್ನು ಹುಡುಕಲು ಸಂಪುಟವನ್ನು ತೆರೆದವನು ಆ ಪುಟದ ಇನ್ನೆರಡು ವಚನಗಳನ್ನೂ ಓದದೆ ಇರಲಾರ. ಲಕ್ಷ್ಮೇಶ್ವರದ ಮಿತ್ರರು ತಮ್ಮ ಊರಿನ ಆದಯ್ಯನವರ 'ಸೌರಾಷ್ಟ್ರ ಸೋಮೇಶ್ವರ' ಅಂಕಿತವನ್ನು ಹುಡುಕಲು ಹೋಗಿ ಆ ಶರಣರ ಸಮಗ್ರ ವಚನಗಳನ್ನೇ ಓದಿ ಮುಗಿಸಿದರು. ಸೋಮನಾಥನ ಗುಡಿಗೆ ನಿತ್ಯ ಹೋಗುತ್ತಿದ್ದರೂ, ಆದಯ್ಯನವರು ಹೆಸರಾಗಿ ಮಾತ್ರ ಗೊತ್ತಿದ್ದರೆಂದು ಅವರೇ ಬರೆದರು.

ಈಗ ಹೇಳಬೇಕಾಗಿರುವುದು ನನ್ನ ಒಂದು ತಪ್ಪಿನ ಸಂಗತಿ. ಇದಕ್ಕಾಗಿಯೇ ಈ ಲೇಖನವನ್ನು ಬರೆಯಲು ಒಪ್ಪಿದೆನೆಂದರೂ ಸಲ್ಲುತ್ತದೆ.

ಕಳೆದ ವರ್ಷ ಮುಂಡರಗಿಯ ಅಕ್ಕೋರು ಶೂನ್ಯಸಂಪಾದನೆಯನ್ನು ಓದುವ ಸಂಕಲ್ಪವನ್ನು ತಿಳಿಸಿದರು. ಮೂರನೆಯ ವಾರ, ಸಿದ್ಧರಾಮರಿಗೆ ಕಲ್ಯಾಣದಲ್ಲಿ ಇಷ್ಟಲಿಂಗದೀಕ್ಷೆಯಾದ ವಿಚಾರವನ್ನು ವಿದ್ಯಾರ್ಥಿಯೊಬ್ಬನು ಎತ್ತಿದನು. ನಾನು ತರಗತಿಯಲ್ಲಿ ಹೇಳುವಂತೆಯೇ ಆ ಪ್ರಸಂಗವನ್ನು ವಿಸ್ತಾರವಾಗಿ ವಿವರಿಸಿ, ಶೂನ್ಯಸಂಪಾದನೆಯ ಮಹತ್ತ್ವದ ಭಾಗವಿದೆಂದು ಬರೆದೆ. ಅಕ್ಕೋರು ಅಂದೇ ರಾತ್ರಿ ಕೇಳಿದರು: "ಮಾಸ್ತರ್ರ, ನನ್ನ ಪುಸ್ತಕದಾಗ ಈ ಪ್ರಸಂಗ ಇಲ್ಲಲ್ರಿ. ಎಷ್ಟನೇ ಪುಟದಾಗ ಐತ್ರಿ?" ನಾನು ಗ್ರಂಥವನ್ನು ತೆರೆಯಲಿಲ್ಲ. 'ತಾಯಿ, ಹಾಳೆ ಹಾರಿಸಿ ಓದಿದರೆ ಸಿಗುವುದಿಲ್ಲ, ಇನ್ನೊಮ್ಮೆ ಸಾವಧಾನವಾಗಿ ನೋಡಿರಿ' ಎಂದು ಎಂಟು ಜನರೆದುರು ಉತ್ತರಿಸಿದೆ. ಮೂವತ್ನಾಲ್ಕು ವರ್ಷ ಕೆಂಪು ಶಾಯಿಯ ಲೇಖನಿ ಹಿಡಿದ ಕೈಗೆ ಅಂಟುವ ರೋಗವಿದು. ಅವರು ಮರುಮಾತಾಡಲಿಲ್ಲ. ಮುಂದಿನ ತಿಂಗಳ ಮೊದಲ ಸೋಮವಾರ ಅವರ ಸಂಕಲ್ಪ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ.

ಬೆಟಗೇರಿಯ ನೇಕಾರ ಮಿತ್ರರು ಒಂದು ದಿನ ಮನೆಗೆ ಬಂದು, "ಅಕ್ಕಾರು ಓದೂದ ಬಿಟ್ಟಾರಂತ್ರಿ" ಎಂದಷ್ಟೇ ಹೇಳಿ ಚಹ ಕುಡಿದು ಹೋದರು. ಆಮೇಲೆ ನಾನು ಕಪಾಟನ್ನು ತೆರೆದೆ.

ಓದುಗರಿಗೆ ತಿಳಿದಿರುವಂತೆ ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು, ಪ್ರಭುದೇವರನ್ನು ನಡುವಿಟ್ಟು, ಶರಣರ ಬಿಡಿ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಮೊದಲನೆಯದನ್ನು ಸಂಕಲಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣಾರ್ಯರು ಅದನ್ನು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ಗೂಳೂರರದು; ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಅದನ್ನೇ. ನಾನು ಓದಿದ್ದು, ಪಾಠ ಹೇಳಿದ್ದು ಅದನ್ನು. ಅಕ್ಕೋರ ಕೈಯಲ್ಲಿದ್ದದ್ದು ಮಹಾದೇವಯ್ಯನವರ ಸಂಕಲನ. ಅದರಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆಯಾಗುವ ಪ್ರಸಂಗವೇ ಇಲ್ಲ. ಅವರು ಒಂದು ಹಾಳೆಯನ್ನೂ ಹಾರಿಸಿರಲಿಲ್ಲ.

ಸಂಗತಿ ಇಷ್ಟಕ್ಕೇ ನಿಲ್ಲುವುದಿಲ್ಲ. ಅಕ್ಕೋರು ಕೇಳಿದ ಪ್ರಶ್ನೆಯು ಐದು ನೂರು ವರ್ಷಗಳಷ್ಟು ಹಳೆಯದು. ಮಹಾದೇವಯ್ಯನವರ ಗ್ರಂಥವನ್ನು ಓದಿದ ಹಲಗೆಯಾರ್ಯರಿಗೆ ಸಿದ್ಧರಾಮರು ದೀಕ್ಷೆಯಿಲ್ಲದೆಯೇ ನಿಲುಗಡೆಗೆ ಬಂದರೆಂಬ ನಿರೂಪಣೆ ಒಪ್ಪಿಗೆಯಾಗಲಿಲ್ಲ. ಅವರು ಹಿಂದಿನ ಗ್ರಂಥವನ್ನು ಮರೆಮಾಡಲಿಲ್ಲ. ದೀಕ್ಷೆಯ ಪ್ರಸಂಗವನ್ನು ಸೇರಿಸಿ ತಮ್ಮ ಶೂನ್ಯಸಂಪಾದನೆಯನ್ನು ರಚಿಸಿದರು. ಮುಂದಿನವರು ಆ ದಾರಿಯನ್ನು ಹಿಡಿದರು. ಹೀಗೆ ಒಬ್ಬ ಓದುಗನ ಅಭಿಪ್ರಾಯಭೇದದಿಂದ ಹೊಸ ಗ್ರಂಥವೇ ಹುಟ್ಟಿತು. ಹಲಗೆಯಾರ್ಯರ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಮೊದಲ ಗ್ರಂಥವು ಇತಿಹಾಸಕ್ಕೆ ಹೆಚ್ಚು ಹತ್ತಿರವೆಂದು ವಾದಿಸುವ ವಿದ್ವಾಂಸರಿದ್ದಾರೆ. ಇಲ್ಲಿ ಗಮನಿಸಬೇಕಾದುದು ಅವರು ಭಿನ್ನಾಭಿಪ್ರಾಯವನ್ನು ತಿಳಿಸಿದ ರೀತಿಯನ್ನು. ಪೂರ್ವದ ಗ್ರಂಥವನ್ನು ಸಂಪೂರ್ಣವಾಗಿ ಓದಿದ್ದರು, ಎಲ್ಲಿ ಒಪ್ಪಲಿಲ್ಲವೆಂಬುದನ್ನು ನಿರ್ದಿಷ್ಟವಾಗಿ ಬಲ್ಲವರಾಗಿದ್ದರು. ನಾನಾದರೋ ಮಹಾದೇವಯ್ಯನವರ ಹೆಸರನ್ನು ಪರೀಕ್ಷೆಗೆ ಬೇಕಾದಷ್ಟು ಬಲ್ಲವನಾಗಿದ್ದೆ, ಗ್ರಂಥವನ್ನು ಓದಿರಲಿಲ್ಲ.

ಹದಿನೆಂಟು ದಿನ ಕುಳಿತು ಅದನ್ನು ಓದಿದೆ. ಆಮೇಲೆ ಕೂಟದ ಎಲ್ಲರಿಗೂ ಕಾಣುವಂತೆ, ತಪ್ಪು ನನ್ನದೆಂದು, ಎರಡು ಗ್ರಂಥಗಳ ಹೆಸರನ್ನೂ ಪ್ರಸಂಗದ ವ್ಯತ್ಯಾಸವನ್ನೂ ಕೊಟ್ಟು ಬರೆದೆ. ಎಂಟು ಜನರೆದುರು ಆಡಿದ ಮಾತನ್ನು ಒಬ್ಬರಿಗೇ ಗುಟ್ಟಾಗಿ ಹಿಂತೆಗೆದುಕೊಳ್ಳುವುದು ನ್ಯಾಯವೆನಿಸಲಿಲ್ಲ. ಮುಖತಃ ಅಲ್ಲದ ಮಾತುಕತೆಯ ದೋಷವೊಂದನ್ನು ಇಲ್ಲಿ ಹೇಳಬೇಕು. ಮಠದ ಅಂಗಳದಲ್ಲಾಗಿದ್ದರೆ ಅಕ್ಕೋರ ಮುಖ ಬಾಡಿದ್ದನ್ನು ನಾನು ಆ ಕ್ಷಣದಲ್ಲಿಯೇ ಕಾಣುತ್ತಿದ್ದೆ, ಅಥವಾ ಪಕ್ಕದಲ್ಲಿದ್ದವರು ನನ್ನ ಮೊಳಕೈ ತಿವಿಯುತ್ತಿದ್ದರು. ಅಕ್ಷರಕ್ಕೆ ಮುಖವಿಲ್ಲ. ಆದರೆ ಅದಕ್ಕೊಂದು ಗುಣವೂ ಉಂಟು: ಆಡಿದ ಮಾತು ಅಲ್ಲಿಯೇ ಉಳಿದಿರುವುದರಿಂದ 'ನಾನು ಹಾಗೆ ಅನ್ನಲೇ ಇಲ್ಲ' ಎಂದು ಜಾರಿಕೊಳ್ಳಲು ನನಗೆ ಎಡೆಯಿರಲಿಲ್ಲ.

ಈ ಪ್ರಸಂಗದ ತರುವಾಯ ಅಭಿಪ್ರಾಯ ತಿಳಿಸುವ ಬಗೆಯೂ ನಮ್ಮಲ್ಲಿ ಬದಲಾಯಿತು. 'ಚೆನ್ನಾಗಿದೆ', 'ಎಲ್ಲರೂ ಓದಲೇಬೇಕು' ಎಂಬ ಮಾತುಗಳನ್ನು ಅಭಿಪ್ರಾಯವೆಂದು ಎಣಿಸುವುದನ್ನು ಬಿಟ್ಟೆವು. ಯಾವ ಮುದ್ರಣ, ಯಾವ ಸಂಪಾದಕರು, ಎಲ್ಲಿಯವರೆಗೆ ಓದಿದ್ದು, ಎಲ್ಲಿ ತಡೆಯಿತು, ಯಾವ ಶಬ್ದ ತಿಳಿಯಲಿಲ್ಲ, ಇವನ್ನು ತಿಳಿಸಿದರೆ ಇನ್ನೊಬ್ಬ ಓದುಗನಿಗೆ ಕೈಹಿಡಿಯಲು ಆಸರೆಯಾಗುತ್ತದೆ. ತಿಳಿಯಲಿಲ್ಲವೆಂಬ ಮಾತಿನಿಂದಲೇ ನಮ್ಮ ಉತ್ತಮ ಚರ್ಚೆಗಳು ಹುಟ್ಟಿವೆ. ಮಗ್ಗ, ನೇಯ್ಗೆಗಳ ಮಾತು ಬಂದ ವಚನಗಳಲ್ಲಿ ಕೋಶಗಳು ನಮಗೆ ಬಿಡಿಸಿಕೊಡದ ಅರ್ಥವನ್ನು ಬೆಟಗೇರಿಯ ಮಿತ್ರರು ತಮ್ಮ ಕುಣಿಮಗ್ಗದ ಮುಂದೆ ನಮ್ಮನ್ನು ಕೂರಿಸಿ, ಲಾಳಿಯನ್ನು ಕೈಗಿತ್ತು ತಿಳಿಸಿಕೊಟ್ಟರು. ಆ ದಿನ ವಿದ್ಯಾರ್ಥಿಗಳಿಬ್ಬರೂ ಬರೆದುಕೊಂಡದ್ದು ನನ್ನ ಎಷ್ಟೋ ಪಾಠಗಳಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚು. ಅಭಿಪ್ರಾಯವನ್ನು ಕೊಡದೆಯೇ ಓದುವ ಹಕ್ಕನ್ನೂ ಉಳಿಸಿಕೊಂಡಿದ್ದೇವೆ. ಕೆಲವು ಗ್ರಂಥಗಳು ಒಳಗಿಳಿಯಲು ಕಾಲ ಬೇಡುತ್ತವೆ, ಕೂಡಲೆ ಮಾತಾಡಿದರೆ ಕೆಡುತ್ತವೆ.

ಅಕ್ಕೋರು ನನ್ನ ಪತ್ರಕ್ಕೆ ನಾಲ್ಕು ದಿನ ಉತ್ತರಿಸಲಿಲ್ಲ. ಐದನೆಯ ದಿನ, ತಿಂಗಳ ಮೊದಲ ಸೋಮವಾರ, ಅವರ ಸಂಕಲ್ಪ ಬಂದಿತು: ಹಲಗೆಯಾರ್ಯರ ಶೂನ್ಯಸಂಪಾದನೆ, ಆರಂಭದಿಂದ ಸಿದ್ಧರಾಮರ ಪ್ರಸಂಗದವರೆಗೆ. ಕೆಳಗೆ ಇನ್ನೊಂದು ಸಾಲಿತ್ತು. ಮಾಸ್ತರರೂ ಈ ಸಲ ಇದೇ ಪುಸ್ತಕವನ್ನು, ಇದೇ ಮುದ್ರಣವನ್ನು ತೆಗೆದುಕೊಳ್ಳಬೇಕು, ಪುಟದ ಸಂಖ್ಯೆ ಹೊಂದಬೇಕು ಎಂದು. ನನ್ನ ಬಳಿ ಆ ಮುದ್ರಣವಿರಲಿಲ್ಲ. ಲಕ್ಷ್ಮೇಶ್ವರದ ಮಿತ್ರರು ಎಲ್ಲಿಂದಲೋ ಒಂದು ಹಳೆಯ ಪ್ರತಿಯನ್ನು ಎರವಲು ತಂದು, ಗದುಗಿಗೆ ಬರುವ ಬಸ್ಸಿನಲ್ಲಿ ಪರಿಚಿತರ ಕೈಯಲ್ಲಿ ಕಳಿಸಿದ್ದಾರೆ. ನಲವತ್ತೆರಡನೆಯ ಪುಟದಲ್ಲಿದ್ದೇನೆ, ಅಕ್ಕೋರು ಆಗಲೇ ಅರವತ್ತನ್ನು ದಾಟಿದ್ದಾರೆ.