ಕತ್ತಿನ ನೆಟಿಗೆಯ ಸುಖ

ಕ್ಷೌರ ಮುಗಿದ ಬಳಿಕ ಗಲ್ಲಕ್ಕೊಂದು, ನೆತ್ತಿಗೊಂದು ಕೈ ಕೊಟ್ಟು ಕತ್ತನ್ನು ಎಡಕ್ಕೂ ಬಲಕ್ಕೂ ‘ಲಟಕ್’ ಎನ್ನಿಸುವ ಆ ಕ್ಷಣಕ್ಕಾಗಿಯೇ ನಾನು ಇಪ್ಪತ್ತು ವರ್ಷ ಒಂದೇ ಸೆಲೂನಿಗೆ ಹೋಗುತ್ತಿದ್ದೆ. ತಿಂಗಳ ಆಯಾಸವೆಲ್ಲ ಆ ಸದ್ದಿನೊಂದಿಗೇ ಇಳಿದುಹೋಯಿತೆಂಬ ಭಾವ. 2024ರಲ್ಲಿ ಬಳ್ಳಾರಿಯ ಮೂವತ್ತರ ಯುವಕನೊಬ್ಬ ಇದೇ ಸುಖದ ನಂತರ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿಯನ್ನು ಓದಿದಾಗ ನನ್ನ ಕೈ ತಾನಾಗಿ ಕತ್ತಿನತ್ತ ಹೋಯಿತು.

ಕತ್ತಿನಲ್ಲಿರುವುದು ಏಳು ಮಣಿಗಳು. ಸುಮಾರು 5 ಕಿಲೊ ತೂಗುವ ತಲೆಯನ್ನು ಹೊತ್ತಿರುವ ಮೇಲಿನ ಮಣಿಗೆ, ಗ್ರೀಕ್ ಪುರಾಣದಲ್ಲಿ ಆಕಾಶವನ್ನೇ ಹೊತ್ತ ಅಟ್ಲಾಸನ ಹೆಸರಿದೆ. ತಲೆಯನ್ನು ಅತ್ತಿತ್ತ ಹೊರಳಿಸುವ ಚಲನೆಯ ಹೆಚ್ಚುಕಡಿಮೆ ಅರ್ಧಪಾಲು ನಡೆಯುವುದು ಅದರ ಮತ್ತು ಅದರ ಕೆಳಗಿನ ಮಣಿಯ ನಡುವೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಮಣಿಗಳ ಪಕ್ಕದ ರಂಧ್ರಗಳಲ್ಲಿ ತೂರಿ, ಅಟ್ಲಾಸನ್ನು ಬಳಸಿ ತಲೆಬುರುಡೆಯನ್ನು ಸೇರುತ್ತವೆ. ಕತ್ತನ್ನು ರಭಸದಿಂದ ತಿರುವಿದಾಗ ಈ ನಾಳಗಳ ಒಳಪದರ ಹರಿಯಬಹುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಸಾಗಬಹುದು. ಕತ್ತಿನ ಮುಂಭಾಗದ ನಾಳಗಳಿಗೂ ಈ ಅಪಾಯವುಂಟು. ಇನ್ನು ನಾನು ಮೆಚ್ಚಿಕೊಂಡಿದ್ದ ಆ ಸದ್ದು? ಅದು ಸರಿದ ಮೂಳೆ ಸ್ವಸ್ಥಾನಕ್ಕೆ ಮರಳಿದ ಸದ್ದಲ್ಲ, ಕೀಲಿನ ದ್ರವದಲ್ಲಿನ ಅನಿಲಗುಳ್ಳೆಯ ಆಟ.

ಬೆನ್ನುಮೂಳೆಯನ್ನು ಕೈಯಿಂದಲೇ ಸರಿಪಡಿಸುವ ಕೈರೋಪ್ರ್ಯಾಕ್ಟಿಕ್ ಪದ್ಧತಿ ಆರಂಭವಾದದ್ದು 1895ರಲ್ಲಿ, ಅಮೆರಿಕದ ಡೇವನ್‌ಪೋರ್ಟ್ ಪಟ್ಟಣದಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿವಿ ಕೇಳಿಸದ ಒಬ್ಬನ ಬೆನ್ನುಮೂಳೆಯನ್ನು ಒತ್ತಿ ಶ್ರವಣಶಕ್ತಿ ಮರಳಿಸಿದೆನೆಂದ. ಶ್ರವಣದ ನರ ತಲೆಬುರುಡೆಯೊಳಗೇ ಇರುತ್ತದೆಂಬುದು ಬೇರೆ ಮಾತು! ಆದರೂ ವರ್ಷಗಟ್ಟಲೆ ಓದಿ ಬಂದ ಇಂದಿನ ಕೈರೋಪ್ರ್ಯಾಕ್ಟರನನ್ನೂ ಸೆಲೂನಿನ ಕೈಚಳಕವನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ಕೆನಡಾದ ಒಂಟಾರಿಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಪಾರ್ಶ್ವವಾಯುವಿಗೂ ಅದಕ್ಕೆ ಮುನ್ನ ಕುಟುಂಬ ವೈದ್ಯರ ಬಳಿಗೆ ಹೋದದ್ದಕ್ಕೂ ಅಂಥದೇ ನಂಟಿದೆಯೆಂದು ತೋರಿಸಿತು. ಅಂದರೆ, ನಾಳ ಮೊದಲೇ ಹರಿದು, ಅದರ ನೋವಿಗೇ ಚಿಕಿತ್ಸೆ ಬಯಸಿ ಹೋದವರಿರಬಹುದು. ನನಗೆ ಇದು ಸಮಾಧಾನಕ್ಕಿಂತ ಹೆಚ್ಚು ಭಯವನ್ನೇ ತಂದಿತು: ಹರಿದ ನಾಳವುಳ್ಳ ಕತ್ತನ್ನು ತಿರುವುವ ಮೊದಲು ಕೇಳುವವರಾರು? ಅಪಾಯ ಅಪರೂಪದ್ದೇ, ನಿಜ. ಆದರೆ ಅದನ್ನು ರೋಗಿಗೆ ಮೊದಲೇ ತಿಳಿಸಬೇಕೆಂದು ಅಮೆರಿಕದ ಹೃದಯ ಸಂಘ 2014ರಲ್ಲಿ ಹೇಳಿದೆ.

ಹಿಂದೆಂದೂ ಇಲ್ಲದಂಥ ಕತ್ತುನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು ಹಠಾತ್ತನೆ ಕಾಣಿಸಿಕೊಂಡರೆ ಹೋಗಬೇಕಾದದ್ದು ನೇರ ಆಸ್ಪತ್ರೆಗೆ. ದಿನವಿಡೀ ಮೊಬೈಲಿಗೆ ಬಾಗಿ ಬರಿಸಿಕೊಂಡ ಬಿಗಿತಕ್ಕಾದರೆ ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವೇ ಸಾಕಾಗುತ್ತಿದೆ ನನಗೆ. ಅದರಲ್ಲಿ ಸದ್ದಿಲ್ಲ, ಸುಖವೂ ಅಷ್ಟಕ್ಕಷ್ಟೆ.

ಕಳೆದ ತಿಂಗಳು ಸೆಲೂನಿನಲ್ಲಿ, ‘ಕತ್ತು ಬೇಡಪ್ಪ’ ಎಂದೆ. ‘ಯಾಕ್ ಸಾರ್, ಕೋಪಾನಾ?’ ಎಂದ. ಕಾರಣ ಹೇಳಿದೆ. ‘ನಮ್ಮಪ್ಪನ ಕಾಲದಿಂದ ಮಾಡ್ತಿದೀವಿ, ಯಾರಿಗೂ ಏನೂ ಆಗಿಲ್ಲ ಸಾರ್’ ಎಂದವನ ದನಿಯಲ್ಲಿ ನೋವಿತ್ತು. ಅವನ ಮಾತು ಸುಳ್ಳೂ ಅಲ್ಲ. ನಾನು ಹಣ ಕೊಟ್ಟು ಹೊರಬರುವಷ್ಟರಲ್ಲಿ ಮುಂದಿನವನು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕತ್ತನ್ನು ಸಡಿಲ ಬಿಟ್ಟಿದ್ದ.